ವಿಂಗರ್, ಟಿಟಿ, ಪಿಕಪ್: ಮನೆ ಹೊತ್ತು ತಿರುಗಲು ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನಾನು ಟಿಟಿ, ಅಂದರೆ ಟೆಂಪೊ ಟ್ರಾವೆಲರ್ ಪಕ್ಷ. ಹಳೆಯ ಫೋರ್ಸ್ ಟ್ರಾವೆಲರ್ ಕೊಂಡು ಒಳಗೆ ಮಂಚ, ಕಟ್ಟೆ, ನೀರಿನ ಟ್ಯಾಂಕ್ ಕೂಡಿಸಿಕೊಂಡಿದ್ದೇವೆ. ಬಾಗಲಕೋಟೆಯಲ್ಲೇ ಇರುವ ನಮ್ಮ ಕಾಕಾ ಟಾಟಾ ವಿಂಗರ್‌ನಲ್ಲಿ ಇದನ್ನೇ ಮಾಡಿಸಿದರು. ಬನಶಂಕರಿ ಜಾತ್ರೆ, ಯಲ್ಲಮ್ಮನ ಗುಡ್ಡ, ಚೋರ್ಲಾ ಘಾಟ್ ಇಳಿದು ಗೋವಾ ಎಂದು ಎರಡರಲ್ಲೂ ಓಡಾಡಿದ್ದೇವೆ. ಎಂಜಿನ್, ಮೈಲೇಜ್ ಕತೆ ಶೋರೂಮ್‌ನವರೇ ಹೇಳುತ್ತಾರೆ, ಬಿಡಿ. ಸಾಮಾನು ಎಲ್ಲಿಡಬೇಕು, ಎಷ್ಟು ಹೇರಬಹುದು ಅನ್ನುವುದಷ್ಟೇ ಇಲ್ಲಿ.

ವಿಂಗರ್ ಓಡುವುದು ಮುಂದಿನ ಗಾಲಿಗಳಿಂದ. ಎಂಜಿನ್‌ನಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟ್ ಇಲ್ಲ, ಕೆಳಗೆ ಬೇರೆ ಚೌಕಟ್ಟೂ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ನೆಲ ತಗ್ಗು. ನಮ್ಮ ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತುವುದು ಇದೊಂದನ್ನೇ. ಆದರೆ ನೆಲ ತಗ್ಗಾದರೆ ಕೆಳಗೆ ಪೆಟ್ಟಿಗೆ ಕಟ್ಟಲು ಜಾಗ ಸಿಗುವುದಿಲ್ಲ. ಸಿಲಿಂಡರ್, ಕುರ್ಚಿ, ಜಮಖಾನೆ, ರೊಟ್ಟಿ ಡಬ್ಬಿ ಎಲ್ಲಾ ಒಳಗೇ.

ನೀರೂ ಒಳಗೇ. ಬಾಡಿ ಕಟ್ಟಿದವರು 150 ಲೀಟರ್ ಟ್ಯಾಂಕನ್ನು ತೀರಾ ಹಿಂದೆ, ಬಾಗಿಲ ಪಕ್ಕ ಕೂಡಿಸಿದ್ದರು. ಟಾರ್ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಮಳೆ ಬಿದ್ದ ಎರೆ ಹೊಲದಲ್ಲಿ ನಿಲ್ಲಿಸಿ ಹೊರಡುವಾಗ ಮುಂದಿನ ಗಾಲಿ ನಿಂತಲ್ಲೇ ಗರಗರ ತಿರುಗಿತು. ಟ್ರ್ಯಾಕ್ಟರ್ ಕರೆಸಿ ಎಳೆಸಿದ್ದಾಯಿತು. ಟೈರ್ ಸವೆದಿದೆ ಅಂತ ಕಾಕಾ ಹೊಸದು ಹಾಕಿಸಿದರು. ಮತ್ತೆ ಅದೇ ಹಾಡು.

ಚಕ್ಕಡಿಯಲ್ಲಿ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದಲ್ಲ, ಅದೇ ಕತೆ. ಮುಂದಿನ, ಹಿಂದಿನ ಗಾಲಿಗಳ ನಡುವೆ 3 ಮೀಟರ್ ಅಂತರ ಅನ್ನಿ. ಹಿಂದಿನ ಗಾಲಿಯಿಂದ 1 ಮೀಟರ್ ಆಚೆ 150 ಕೆಜಿ ಇಟ್ಟರೆ ಹಿಂದಿನ ಗಾಲಿಗಳ ಮೇಲೆ ಬೀಳುವುದು 200 ಕೆಜಿ. ಮುಂದೆ 50 ಕೆಜಿ ಹಗುರಾಗುತ್ತದೆ. ಎಳೆಯಬೇಕಾದ ಗಾಲಿಯೇ ಹಗುರಾದರೆ ಹೇಗೆ? ಕಬ್ಬು ತೂಗುವ ಕಾಟಾಕ್ಕೆ ಹೋಗಿ ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿದೆವು. ಟ್ಯಾಂಕ್ ತುಂಬಿದ್ದಾಗ ಒಮ್ಮೆ, ಖಾಲಿ ಮಾಡಿ ಒಮ್ಮೆ. ನೀರು ಚೆಲ್ಲಿದ ಮೇಲೆ ಮುಂದಿನ ತೂಕ ಏರಿತು! ಕಾಟಾ ಹುಡುಗ ಮಷೀನ್ ಕೆಟ್ಟಿದೆ ಅಂದುಕೊಂಡು ಸೊನ್ನೆ ಮಾಡಿ ಮತ್ತೆ ತೂಗಿದ. ಈಗ ಟ್ಯಾಂಕ್ ಡ್ರೈವರ್ ಸೀಟಿನ ಹಿಂದೆ ಬಂದಿದೆ. ಗಾಡಿ ಸರಿಯಾಗಿದೆ, ಒಂದು ಸೀಟು ಹೋಯಿತು.

ಟಿಟಿಯನ್ನು ತಳ್ಳುವುದು ಹಿಂದಿನ ಗಾಲಿ. ಹಿಂದೆ ಭಾರ ಬಿದ್ದರೆ ಗಾಲಿ ನೆಲ ಹಿಡಿಯುತ್ತದೆ. ಹಾಗಂತ ಅತಿ ಮಾಡಬಾರದು, ಸ್ಟೇರಿಂಗ್ ತೇಲುತ್ತದೆ. ನೆಲ ಎತ್ತರ, ಅದರ ಕೆಳಗೆ ಎರಡೂ ಬದಿಗೆ ತಗಡಿನ ಪೆಟ್ಟಿಗೆ ಕಟ್ಟಿಸಿದ್ದೇನೆ. ಒಲೆ, ಹಗ್ಗ, ತಾಡಪತ್ರಿ ಅಲ್ಲೇ. ಗಾಡಿಯೊಳಗೆ ಹೋಗದೆ ಹೊರಗಿನಿಂದಲೇ ತೆಗೆಯಬಹುದು. ಈ ಭಾರ ಎರಡು ಗಾಲಿಗಳ ನಡುವೆ, ಕೆಳಗೆ ಇರುವುದರಿಂದ ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆ. ಧೂಳು ಮಾತ್ರ ಬಿಡಲ್ಲ. ರಬ್ಬರ್ ಬೀಡಿಂಗ್ ಹಾಕಿಸಿದರೂ ವಿಜಯಪುರ ಮುಟ್ಟುವಷ್ಟರಲ್ಲಿ ಒಲೆ ಒರೆಸಬೇಕು. ತಿನ್ನುವುದನ್ನು ಅಲ್ಲಿ ಇಡಬೇಡಿ.

ಗೆಳೆಯನ ಬೊಲೆರೊ ಪಿಕಪ್ ಮೇಲೆ ಡಬ್ಬ ಕಟ್ಟಿದ್ದೂ ನೋಡಿದ್ದಾಯಿತು. ಲಾರಿಯ ಹಾಗೆ ಬೇರೆ ಚಾಸಿ, ಹೊರುವುದರಲ್ಲಿ ಎರಡು ಮಾತಿಲ್ಲ. ಕ್ಯಾಬಿನ್‌ನಿಂದ ಹಿಂದಕ್ಕೆ ದಾರಿ ಇಲ್ಲ. ಮಕ್ಕಳಿರುವವರಿಗೆ ಆಗಲ್ಲ.

ಯುರೋಪಿನಲ್ಲಿ ಫಿಯಾಟ್ ಡುಕಾಟೊ ಎಂಬ ವ್ಯಾನಿನ ಮುಂಭಾಗಕ್ಕೆ ಆಲ್ಕೊ ಕಂಪನಿಯ ತಗ್ಗು ಚಾಸಿ ಜೋಡಿಸುತ್ತಾರೆ. ಅದರ ಮೇಲೆ ಎರಡು ನೆಲ ಹಾಕಿ ನಡುವೆ ಸಾಮಾನು ತುಂಬುತ್ತಾರೆ. ನಾವು ಸುಮ್ನೆ ನೋಡಿ ಹೊಟ್ಟೆ ಉರಿದುಕೊಳ್ಳಬೇಕು.

ಯಾವುದೇ ಕೊಳ್ಳಿ, ಆರ್‌ಸಿಯಲ್ಲಿರುವ ಖಾಲಿ ತೂಕವನ್ನು ನಂಬಿ ಕೂರಬೇಡಿ. ಮಂಚ, ಪ್ಲೈವುಡ್ ಕೂಡಿಸಿದ ಮೇಲೆ ಮತ್ತೆ ತೂಗಿಸಿ. ಇನ್ವರ್ಟರ್ ಬ್ಯಾಟರಿಯೊಂದೇ 50 ಕೆಜಿ, ತುಂಬಿದ ಮನೆ ಸಿಲಿಂಡರ್ 30 ಕೆಜಿ ಹತ್ತಿರ. ಜನರ ತೂಕವೂ ಲೆಕ್ಕಕ್ಕೆ ಬರುತ್ತದೆ. ಗಾಡಿಯನ್ನು ಹೀಗೆ ಮಾರ್ಪಡಿಸುವ ಮೊದಲು ಆರ್‌ಟಿಒ ಒಪ್ಪಿಗೆ ಬೇಕೇ ಬೇಕು.

ಇಬ್ಬರೇ ಇದ್ದು, ಟಾರ್ ರಸ್ತೆ ಬಿಟ್ಟು ಇಳಿಯದವರು ವಿಂಗರ್ ತಗೊಳ್ಳಿ, ಒಳಗೆ ನಿಜಕ್ಕೂ ಆರಾಮ. ನಾವು ಹೊರಟರೆ ಮನೆಮಂದಿಯೆಲ್ಲ, ಜೊತೆಗೆ ದೊಡ್ಡ ಪಾತ್ರೆ, ನಿಲ್ಲಿಸುವುದು ಯಾರದೋ ಹೊಲದಲ್ಲಿ. ಹಳೆಯ ಟಿಟಿ ನಮ್ಮ ಬಜೆಟ್‌ಗೆ ಸಿಕ್ಕಿತು, ಊರ ಗ್ಯಾರೇಜಿನಲ್ಲೇ ರಿಪೇರಿಯೂ ಆಗುತ್ತದೆ. ನಾಳೆ ಹೊಸದಕ್ಕೆ ದುಡ್ಡು ಕೂಡಿದರೂ ಇದನ್ನೇ ಕೊಳ್ಳುತ್ತೇನೆ, ಉದ್ದನೆಯ ಮಾಡೆಲ್ ಬಿಟ್ಟು. ಅದು ನಮ್ಮ ಓಣಿಯಲ್ಲಿ ತಿರುಗಲ್ಲ.