ಬಾಡಿಗೆ ಜೆರಾಕ್ಸ್ ಯಂತ್ರ: ಮೂರು ಮಳೆಗಾಲಗಳ ಬಳಕೆಯ ನಂತರ

ಶಿವಮೊಗ್ಗದ ನಮ್ಮ ಲೆಕ್ಕಪರಿಶೋಧನಾ ಕಚೇರಿಗೆ ಮುದ್ರಣ, ನಕಲು, ಸ್ಕ್ಯಾನ್ ಮೂರನ್ನೂ ಮಾಡುವ ಕಪ್ಪು-ಬಿಳುಪಿನ ಎ3 ಯಂತ್ರವನ್ನು ಮೂರು ವರ್ಷಗಳ ಹಿಂದೆ ಬಾಡಿಗೆಗೆ ತಂದೆವು. ಅದಕ್ಕೂ ಮೊದಲು ನಾಲ್ಕು ಮೇಜುಗಳ ಮೇಲೆ ನಾಲ್ಕು ಬಗೆಯ ಪ್ರಿಂಟರುಗಳಿದ್ದವು. ಒಂದರ ಟೋನರ್ (ಮಸಿಪುಡಿ) ಇನ್ನೊಂದಕ್ಕೆ ಆಗುತ್ತಿರಲಿಲ್ಲ, ತೆರಿಗೆ ವರದಿಗಳ ಗಡುವಿರುವ ಸೆಪ್ಟೆಂಬರ್ ಕೊನೆಯ ವಾರದಲ್ಲೇ ಯಾವುದಾದರೊಂದು ಕೈಕೊಡುತ್ತಿತ್ತು.

ತಿಂಗಳ ಬಾಡಿಗೆಯಲ್ಲಿ ಇಂತಿಷ್ಟು ಪುಟಗಳು ಸೇರಿದ್ದು, ಮೀರಿದ ಪುಟಕ್ಕೆ ಪೈಸೆ ಲೆಕ್ಕ. ಟೋನರ್, ಡ್ರಮ್ (ಅಕ್ಷರ ಮೂಡಿಸುವ ಉರುಳೆ), ರಿಪೇರಿ ಎಲ್ಲ ಬಾಡಿಗೆ ಕೊಟ್ಟವರದು. ಕಾಗದ ಮತ್ತು ಕರೆಂಟು ನಮ್ಮದು. ಈ ಏರ್ಪಾಡಿನ ನಿಜವಾದ ಲಾಭ ಟೋನರಿನಲ್ಲಿದೆ. ಇಷ್ಟು ಪುಟ ಬರುತ್ತದೆಂದು ಟೋನರ್ ಡಬ್ಬಿಯ ಮೇಲೆ ಬರೆದಿರುವ ಸಂಖ್ಯೆಯನ್ನು ಐಎಸ್‌ಒ 19752 ಮಾನದಂಡದ ಮಾದರಿ ಪುಟದಿಂದ ಅಳೆಯುತ್ತಾರೆ, ಆ ಪುಟದಲ್ಲಿ ಮಸಿ ಹತ್ತುವುದು ಸುಮಾರು 5% ಜಾಗಕ್ಕೆ ಮಾತ್ರ. ಕೋಷ್ಟಕಗಳ ಗೆರೆ, ಕಪ್ಪಾಗಿ ಬರುವ ಪ್ಯಾನ್ ಕಾರ್ಡ್ ನಕಲುಗಳಿಂದಲೇ ದಿನ ಕಳೆಯುವ ನಮ್ಮಂಥವರಿಗೆ ಆ ಸಂಖ್ಯೆ ಎಂದೂ ದಕ್ಕಿದ್ದಿಲ್ಲ. ಈಗ ಆ ಚಿಂತೆ ಬಾಡಿಗೆ ಕೊಟ್ಟವರದು.

ಮೊದಲ ಬಿಲ್ಲಿನಲ್ಲೇ ತಕರಾರು ಬಂತು. ಒಂದು ಎ3 ಹಾಳೆಯನ್ನು ಎರಡು ಪುಟವೆಂದು ಎಣಿಸಿದ್ದರು, ಇಂಜಿನಿಯರ್ ಪರೀಕ್ಷೆಗೆಂದು ತೆಗೆದ ಪ್ರತಿಗಳನ್ನೂ ನಮ್ಮ ಲೆಕ್ಕಕ್ಕೇ ಹಾಕಿದ್ದರು. ಪರೀಕ್ಷಾ ಪ್ರತಿಗಳನ್ನು ಕಳೆಯಿಸಿಕೊಂಡೆವಾದರೂ ಎ3 ವಿಷಯದಲ್ಲಿ ಅವರು ಜಗ್ಗಲಿಲ್ಲ. ಅಂದಿನಿಂದ ಪ್ರತಿ ತಿಂಗಳ ಮೊದಲ ತಾರೀಖು ನಮ್ಮ ಗುಮಾಸ್ತರು ಪರದೆಯ ಮೇಲಿನ ಮೀಟರನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡುತ್ತಾರೆ.

ಯಂತ್ರದ ಬಗ್ಗೆ ದೂರು ಕಡಿಮೆ. ಒಮ್ಮೆ ಪ್ರತಿಯೊಂದು ನಕಲಿನಲ್ಲೂ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಕಪ್ಪು ಗೆರೆ ಬೀಳತೊಡಗಿತು. ಡ್ರಮ್ ಹೋಯಿತೆಂದೇ ಭಾವಿಸಿದ್ದೆವು. ಆದರೆ ಹಾಳೆಯನ್ನು ಗಾಜಿನ ಮೇಲಿಟ್ಟು ನಕಲಿಸಿದರೆ ಗೆರೆಯಿಲ್ಲ, ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಮೇಲಿನ ಫೀಡರಿನಲ್ಲಿ ಹಾಕಿದರೆ ಮಾತ್ರ ಇದೆ. ಕೊನೆಗೆ ನೋಡಿದರೆ, ಫೀಡರಿನ ಹಾಳೆ ಹಾದುಹೋಗುವ ಬೆರಳಗಲದ ಗಾಜಿನ ಪಟ್ಟಿಗೆ ಯಾರದೋ ಕಡತದಿಂದ ಸಾಸಿವೆ ಕಾಳಿಗಿಂತ ಚಿಕ್ಕ ವೈಟ್ನರ್ ಚುಕ್ಕೆ ಅಂಟಿತ್ತು. ಹಾಳೆ ಚಲಿಸುವಾಗ ಚುಕ್ಕೆಯೇ ಗೆರೆಯಾಗುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ್ದೇ ರಿಪೇರಿ.

ಮಲೆನಾಡಿನ ಜುಲೈ ಬೇರೆಯೇ ಕಥೆ. ತೇವ ಹೀರಿದ ಕಾಗದ ಒಂದಕ್ಕೊಂದು ಅಂಟಿ ಎರಡೆರಡಾಗಿ ಒಳಹೋಗುತ್ತದೆ, ಬಿಸಿ ರೋಲರ್ ದಾಟಿದ ಮೇಲೆ ಹಪ್ಪಳದಂತೆ ಸುರುಳಿಯಾಗುತ್ತದೆ. ಅಗತ್ಯವಿದ್ದಷ್ಟೇ ರೀಮ್ ಒಡೆದು, ಸಂಜೆ ಟ್ರೇಯಲ್ಲಿ ಉಳಿದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಬ್ಬಿಣದ ಬೀರುವಿನಲ್ಲಿಡುವ ಪದ್ಧತಿ ಮಾಡಿದ ಮೇಲೆ ಹಾಳೆ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ನಿಂತಿದೆ.

ಒಪ್ಪಂದವನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದ್ದೇವೆ. ಎ3 ದರವನ್ನು ಈ ಬಾರಿ ಪ್ರತ್ಯೇಕವಾಗಿ ಬರೆಸಿದ್ದೇವೆ. ನಮ್ಮ ಯಂತ್ರದೊಳಗೆ ಹಾರ್ಡ್ ಡಿಸ್ಕ್ ಇದ್ದು, ಕಕ್ಷಿದಾರರ ಕಾಗದಪತ್ರಗಳ ಪ್ರತಿ ಅದರಲ್ಲಿ ಉಳಿಯಬಹುದಾದ್ದರಿಂದ, ಯಂತ್ರವನ್ನು ಹಿಂದಕ್ಕೊಯ್ಯುವ ಮುನ್ನ ನಮ್ಮೆದುರಿಗೇ ಅದನ್ನು ಅಳಿಸಿಕೊಡಬೇಕೆಂಬ ಷರತ್ತನ್ನೂ ಸೇರಿಸಿದ್ದೇವೆ. ಮೊದಲ ಒಪ್ಪಂದದಲ್ಲಿ ಇದು ನಮಗೆ ಹೊಳೆದೇ ಇರಲಿಲ್ಲ.