ಮದುವೆಗೆ ಜಪಾನಿ ಹಾಡು: ಮಂಗಳೂರಿನ ತಂಡವೊಂದರ ಸೇವೆ

ಅಕ್ಕನ ಮಗಳು ಜಪಾನಿನ ಹುಡುಗನ ಕೈಹಿಡಿದಾಗ, ಕದ್ರಿಯಲ್ಲಿ ನಡೆದ ಆರತಕ್ಷತೆಗೆ ಆತನ ನಾಡಿನ ಹಾಡುಗಳನ್ನು ಆರಿಸಿ ಹಾಡುವ ಹೊಣೆಯನ್ನು ನಗರದ ಸಂಗೀತ ತಂಡವೊಂದಕ್ಕೆ ಒಪ್ಪಿಸಿದ್ದೆವು. ಮೊದಲ ಪಟ್ಟಿಯ ತುಂಬ ‘ಎಂಕಾ’ ಎಂಬ ಜಪಾನಿನ ಭಾವುಕ ಜನಪ್ರಿಯ ಶೈಲಿಯ ಗೀತೆಗಳಿದ್ದವು. ಅವುಗಳಲ್ಲಿ ಬಹುಪಾಲು ವಿರಹ, ಕಣ್ಣೀರು, ಬಂದರಿನ ಬೀಳ್ಕೊಡುಗೆಯ ಹಾಡುಗಳು. ಜಪಾನಿನ ಮದುವೆಯಲ್ಲಿ ಅಗಲುವುದು, ಕಡಿಯುವುದು ಎಂಬ ಮಾತುಗಳೇ ಅಶುಭವೆಂದು ತಿಳಿಸಿದೊಡನೆ ಅವರು ಬೇಸರಿಸದೆ ಪಟ್ಟಿಯನ್ನು ತಿದ್ದಿದರು. ಪೈನ್ ಮರಗಳ ಆತ್ಮಗಳಾದ ವೃದ್ಧ ದಂಪತಿಯ ಕಥೆಯುಳ್ಳ, ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ಗೀತನಾಟಕ ಪ್ರಕಾರದ ‘ತಕಾಸಾಗೊ’ದ ಪದ್ಯವೂ, ವಧುವಿನ ಪೆಟ್ಟಿಗೆಯನ್ನು ಹೊತ್ತೊಯ್ಯುವಾಗ ಹಿಂದೆ ಹಾಡುತ್ತಿದ್ದ ಮಿಯಾಗಿ ಪ್ರಾಂತ್ಯದ ‘ನಾಗಮೋಚಿ ಉತಾ’ ಜಾನಪದ ಗೀತೆಯೂ ಕೊನೆಗೆ ಆಯ್ಕೆಯಾದವು. ಎರಡನೆಯದನ್ನು ಕೇಳುತ್ತ ನಮ್ಮ ಅಜ್ಜಿಯ ಶೋಭಾನೆ ನೆನಪಾಗಿ ನನ್ನ ಕಣ್ಣು ತುಂಬಿತು. ಉಚ್ಚಾರಣೆ ಇನ್ನಷ್ಟು ಪಳಗಬೇಕು. ಕೊಳಲು ಮಾತ್ರ ಅಪೂರ್ವವಾಗಿತ್ತು.