ಡೆಬಿಯನ್‌ನ ಅಪಾಚೆ ಪ್ಯಾಕೇಜು: ನಾನು ಯಾಕೆ ಇದನ್ನೇ ಹಾಕ್ತೀನಿ

ಹುಬ್ಬಳ್ಳಿ ವಿದ್ಯಾನಗರದಲ್ಲಿ ಕೂತು ಕೆಲವು ವ್ಯಾಪಾರಿಗಳ ಸರ್ವರ್ ನೋಡಿಕೊಳ್ಳುತ್ತೇನೆ. ಒಂದು ಬ್ಯಾಡಗಿ ಮೆಣಸಿನಕಾಯಿ ಅಂಗಡಿಯದು, ಇನ್ನೊಂದು ಗದಗಿನ ಪ್ರೆಸ್ಸಿನದು. ಎರಡರಲ್ಲೂ ಡೆಬಿಯನ್ 12 ಅನ್ನೋ ಲಿನಕ್ಸ್ ಇದೆ, ಸೈಟ್ ತೋರಿಸೋ ವೆಬ್ ಸರ್ವರ್ ಸಾಫ್ಟ್‌ವೇರ್ ಅಪಾಚೆ.

ಅಪಾಚೆಯಲ್ಲಿ ಬಂದ ರಿಕ್ವೆಸ್ಟ್‌ಗಳನ್ನು ಹಂಚಿ ಕೆಲಸ ಮಾಡಿಸೋದು ಎಂಪಿಎಂ ಅನ್ನೋ ಮಾಡ್ಯೂಲು. ಪ್ರಿಫೋರ್ಕ್, ವರ್ಕರ್, ಈವೆಂಟ್ ಅಂತ ಮೂರಿವೆ, ಒಂದು ಸಲಕ್ಕೆ ಒಂದೇ ನಡೆಯಬೇಕು. ಡೆಬಿಯನ್ 7ರವರೆಗೆ ಇವು ಬೇರೆ ಬೇರೆ ಪ್ಯಾಕೇಜು. ಒಂದನ್ನು ಹಾಕಿದರೆ ಇನ್ನೊಂದು ಹೋಗುತ್ತಿತ್ತು. 2015ರ ಡೆಬಿಯನ್ 8ರಲ್ಲಿ ಅಪಾಚೆ 2.4 ಬಂತು, ಆಗಿನಿಂದ ಮೂರೂ ಡಿಸ್ಕಿನಲ್ಲಿ ಒಟ್ಟಿಗೇ ಇರುತ್ತವೆ.

ಹಾಗಾದ್ರೆ ಜಗಳ ತಡೆಯೋರು ಯಾರು? ಮಾಡ್ಸ್-ಅವೈಲಬಲ್ ಫೋಲ್ಡರಿನಲ್ಲಿ ಪ್ರಿಫೋರ್ಕ್‌ನ ಲೋಡ್ ಫೈಲು ತೆಗೆದು ನೋಡಿ. ಮೇಲೇ ಒಂದು ಕಾಮೆಂಟ್ ಸಾಲಿದೆ, ನನಗೆ ಈವೆಂಟ್ ಮತ್ತು ವರ್ಕರ್ ಜೊತೆ ಆಗಿಬರಲ್ಲ ಅಂತ. ಅಪಾಚೆ ಆ ಸಾಲನ್ನು ಓದೋದೇ ಇಲ್ಲ, ಮಾಡ್ಯೂಲ್ ಆನ್ ಮಾಡೋ ಡೆಬಿಯನ್ ಕಮಾಂಡು ಎ2ಎನ್‌ಮಾಡ್ ಓದುತ್ತೆ. ಈವೆಂಟ್ ಆನ್ ಇದ್ದಾಗ ಪ್ರಿಫೋರ್ಕ್ ಆನ್ ಮಾಡಲು ಹೋದರೆ, ಮೊದಲು ಈವೆಂಟ್ ಆಫ್ ಮಾಡಿ ಅಂತ ಹೇಳಿ ಅಲ್ಲೇ ನಿಲ್ಲುತ್ತೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ಇದರ ಬೆಲೆ ಗೊತ್ತಾಗಿದ್ದು ಪ್ರೆಸ್ಸಿನ ಸರ್ವರ್ ಕೈಗೆ ಬಂದಾಗ. "ಸೈಟ್ ಓಪನ್ ಆಗವಲ್ದಲ್ರಿ" ಅಂತ ಬೆಳಿಗ್ಗೆ ಆರಕ್ಕೇ ಫೋನು. ಮೊದಲು ನೋಡಿಕೊಳ್ಳುತ್ತಿದ್ದವರು ಎ2ಎನ್‌ಮಾಡ್ ಬಿಟ್ಟು, ಮಾಡ್ಯೂಲ್ ಆನ್ ಮಾಡೋ ಲಿಂಕ್ ಫೈಲುಗಳನ್ನು ಕೈಯಿಂದಲೇ ಹಾಕಿದ್ದರು. ಒಂದಕ್ಕಿಂತ ಜಾಸ್ತಿ ಎಂಪಿಎಂ ಲೋಡ್ ಆಗಿದೆ ಅಂತ ಎರರ್, ರೀಸ್ಟಾರ್ಟ್ ಮಾಡಿದ್ದೇ ಅಪಾಚೆ ಏಳಲೇ ಇಲ್ಲ. ಒಂದು ಲಿಂಕ್ ತೆಗೆದೆ, ಎದ್ದು ಕೂತಿತು.

ಇನ್ನೊಂದು ಒಳ್ಳೇದು: ನಾವು ಕೈಯಾರೆ ಆಫ್ ಮಾಡಿದ ಮಾಡ್ಯೂಲನ್ನು ಈ ಪ್ಯಾಕೇಜು ವಾರ್‌-ಲಿಬ್‌ ಫೋಲ್ಡರ್ ಒಳಗೆ ಬರೆದಿಟ್ಟುಕೊಳ್ಳುತ್ತೆ. ಅಪ್‌ಗ್ರೇಡ್ ಆದಾಗ ಸುಮ್ನೆ ಮತ್ತೆ ಆನ್ ಮಾಡಲ್ಲ.

ಸೈಟುಗಳ ಕೋಡ್ ಬರೆಯೋ ಭಾಷೆ ಪಿಎಚ್‌ಪಿ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಬರೀ ಪಿಎಚ್‌ಪಿ8.2 ಅಂತ ಹಾಕಿದರೆ ಅಪಾಚೆಯ ಒಳಗೇ ಕೂರುವ ಮಾಡ್-ಪಿಎಚ್‌ಪಿ ಮೊದಲ ಆಯ್ಕೆಯಾಗಿ ಬರುತ್ತೆ. ಅದಕ್ಕೆ ಥ್ರೆಡ್ (ಒಂದೇ ಪ್ರೋಸೆಸ್ಸಿನೊಳಗೆ ಒಟ್ಟಿಗೆ ಓಡೋ ಎಳೆಗಳು) ಆಗಿಬರಲ್ಲ, ಈವೆಂಟ್ ನಡೆಯೋದೇ ಥ್ರೆಡ್ ಮೇಲೆ, ಪ್ರಿಫೋರ್ಕ್‌ನಲ್ಲಿ ಅವಿಲ್ಲ. ಹಾಗಾಗಿ ಇನ್‌ಸ್ಟಾಲ್ ಆಗುವಾಗಲೇ ಈವೆಂಟ್ ಹೋಗಿ ಪ್ರಿಫೋರ್ಕ್ ಬರುತ್ತೆ. ಸ್ಕ್ರೀನಿನಲ್ಲಿ ಒಂದು ಸಾಲು ಬಂದು ಹೋಗುತ್ತೆ ಅಷ್ಟೆ, ಪ್ರಿಫೋರ್ಕ್‌ನಲ್ಲಿ ಎಚ್‌ಟಿಟಿಪಿ/2 (ವೆಬ್ ಪ್ರೋಟೋಕಾಲಿನ ಹೊಸ ಆವೃತ್ತಿ) ನಡೆಯಲ್ಲ ಅನ್ನೋದು ಎರರ್ ಲಾಗ್ ತೆರೆದವರಿಗೇ ಗೊತ್ತು. ಬದಲಿಸೋ ಮೊದಲು ಪ್ಯಾಕೇಜು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದರೆ ಚೆನ್ನಾಗಿರುತ್ತಿತ್ತು, ಅಲ್ವಾ?

ನಾನು ಮಾಡೋದು ಹೀಗೆ: ಪಿಎಚ್‌ಪಿ8.2-ಎಫ್‌ಪಿಎಂ ಮೊದಲು ಹಾಕುತ್ತೇನೆ. ಅದು ಬೇರೆ ಪ್ರೋಸೆಸ್ಸಾಗಿ ಓಡುತ್ತೆ, ಯಾವ ಎಂಪಿಎಂ ಜೊತೆಗೂ ತಕರಾರಿಲ್ಲ. ಅಪಾಚೆಯಲ್ಲಿ ತಾನಾಗಿ ಆನ್ ಆಗಲ್ಲ, ಅಪಾಚೆಯನ್ನು ಅದಕ್ಕೆ ಜೋಡಿಸೋ ಪ್ರಾಕ್ಸಿ_ಎಫ್‌ಸಿಜಿಐ ಮಾಡ್ಯೂಲ್ ಆನ್ ಮಾಡಿ ಅಂತ ಕಮಾಂಡನ್ನೇ ಬರೆದು ತೋರಿಸುತ್ತೆ. ಮೆಣಸಿನಕಾಯಿ ಅಂಗಡಿ ಸೈಟು ಈಗ ಈವೆಂಟ್ ಮೇಲೆ ಓಡುತ್ತಿದೆ. ಪ್ರೆಸ್ಸಿನದನ್ನು ಈ ಭಾನುವಾರ ಬದಲಿಸುತ್ತೇನೆ.